ಕಾರಿನ ಆಂಪ್ಲಿಫೈಯರ್‌ಗೆ ಫ್ಯಾನ್: ರಿಲೇ, ಫ್ಯೂಸ್ ಮತ್ತು ಗಾಳಿಯ ದಾರಿ

ಕಾರು ಮಾರುತಿ ಸ್ವಿಫ್ಟ್, ಊರು ಕಲಬುರಗಿ. ಡಿಕ್ಕಿಯಲ್ಲಿ 12 ಮಿ.ಮೀ. ಪ್ಲೈವುಡ್‌ನ ಒಂದು ತಗ್ಗಿನ ಅಟ್ಟಣೆ ಮಾಡಿಸಿದ್ದೇನೆ. ಅದರ ಕೆಳಗೆ ಎರಡು ಆಂಪ್ (ಆಂಪ್ಲಿಫೈಯರ್) ಮಲಗಿವೆ. ಬಾಗಿಲುಗಳ ಸ್ಪೀಕರ್‌ಗೆ ನಾಲ್ಕು ಚಾನೆಲ್‌ನ ಕ್ಲಾಸ್ ಎಬಿ ಆಂಪ್ (ಹೆಚ್ಚು ಬಿಸಿಯಾಗುವ ಬಗೆ), ಸಬ್‌ವೂಫರ್‌ಗೆ, ಅಂದರೆ ದಪ್ಪ ದನಿಯ ದೊಡ್ಡ ಸ್ಪೀಕರ್‌ಗೆ, ಕ್ಲಾಸ್ ಡಿ ಮೊನೊ ಆಂಪ್ (ಕಡಿಮೆ ಬಿಸಿಯಾಗುವ ಬಗೆ). ಅಟ್ಟಣೆಯ ಮೇಲೆ ಸಬ್‌ವೂಫರ್ ಪೆಟ್ಟಿಗೆ. ಚಳಿಗಾಲದಲ್ಲಿ ಎಲ್ಲ ಚೆನ್ನಾಗಿತ್ತು. ಏಪ್ರಿಲ್ ಬಂದು ಹೊರಗೆ 41-42 ಡಿಗ್ರಿ ಆದ ಮೇಲೆ, ಹುಮ್ನಾಬಾದ್ ತಲುಪುವಷ್ಟರಲ್ಲಿ ನಾಲ್ಕು ಚಾನೆಲ್ ಆಂಪ್ ಕೆಂಪು ದೀಪ ತೋರಿಸಿ ಬಂದ್ ಆಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಶುರುವಾಗುತ್ತಿತ್ತು. ಮೊನೊ ಆಂಪ್ ಮಾತ್ರ ಒಮ್ಮೆಯೂ ನಿಲ್ಲಲಿಲ್ಲ.

ಈ ಕೆಲಸ ಈಗ ಮುಗಿದಿದೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿದ್ದೇನೆ. ಕೆಲಸಕ್ಕೆ ಬಾರದ ಪ್ರಯತ್ನಗಳೂ ಇವೆ, ಯಾಕೆಂದರೆ ಬೇರೆಯವರ ಹಣ ಉಳಿಯುವುದು ಅಲ್ಲೇ.

ಹಂತ 1: ಬಿಸಿಯಿಂದಲೇ ನಿಲ್ಲುತ್ತಿದೆಯಾ?

ಫ್ಯಾನ್ ಕೊಳ್ಳುವ ಮೊದಲು ಇದನ್ನು ನೋಡಲೇಬೇಕು. ಕೆಂಪು ದೀಪ ಬಿಸಿಗೂ ಬರುತ್ತದೆ, ಸ್ಪೀಕರ್ ತಂತಿ ಕಾರಿನ ಲೋಹದ ಬಾಡಿಗೆ ತಾಗಿದರೂ ಬರುತ್ತದೆ, ಆಂಪ್ ತಾಳದಷ್ಟು ಕಡಿಮೆ ಓಮ್‌ನ ಸ್ಪೀಕರ್ ಹಾಕಿದರೂ ಬರುತ್ತದೆ. ಕಡೆಯ ಎರಡಕ್ಕೆ ಎಷ್ಟು ಫ್ಯಾನ್ ಹಾಕಿದರೂ ಪ್ರಯೋಜನ ಇಲ್ಲ.

ಬಿಸಿ ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಿದೆ. ನನ್ನ ಆಂಪ್‌ನ ಹೀಟ್‌ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ ಲೋಹದ ಮೈ) ಬೆಳ್ಳಿ ಬಣ್ಣದ ಅಲ್ಯೂಮಿನಿಯಂ. ನೇರವಾಗಿ ಹಿಡಿದರೆ 46 ಡಿಗ್ರಿ ಅಂತ ತೋರಿಸಿತು, ಕೈಯಿಟ್ಟರೆ ಒಂದು ಸೆಕೆಂಡ್ ತಾಳುವುದಕ್ಕೆ ಆಗಲಿಲ್ಲ. ಬಿಸಿಯಾದ ಹೊಳೆಯುವ ಲೋಹದ ಮೇಲೆ ಈ ಥರ್ಮಾಮೀಟರ್ ಕಡಿಮೆ ಹೇಳುತ್ತದೆ. ಅಲ್ಲಿ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಟೇಪ್ ಬಿಸಿಯಾಗುವವರೆಗೆ ಕಾದು, ಅದರ ಮೇಲೆ ಹಿಡಿದರೆ 83 ಡಿಗ್ರಿ ಬಂತು. ಆಂಪ್ ನಿಂತ ಕ್ಷಣದಲ್ಲಿ ಅಳೆದಾಗಲೆಲ್ಲ 82ರಿಂದ 84ರ ಒಳಗೇ ಇತ್ತು. ಹಾಗಾಗಿ ಕಾರಣ ಬಿಸಿಯೇ ಅಂತ ಖಾತ್ರಿಯಾಯಿತು. ಹೀಟ್‌ಸಿಂಕ್ 45-50 ಡಿಗ್ರಿಯಲ್ಲಿದ್ದಾಗಲೇ ಆಂಪ್ ನಿಂತರೆ ಮೊದಲು ಸ್ಪೀಕರ್ ವೈರಿಂಗ್ ನೋಡಿ.

ಗೇನ್ (ಆಂಪ್ ಸಿಗ್ನಲ್ ಅನ್ನು ಎಷ್ಟು ದೊಡ್ಡದು ಮಾಡಬೇಕು ಅಂತ ಹೇಳುವ ತಿರುಪು) ಕೂಡ ನೋಡಿದೆ. ಮೂರನೇ ಎರಡರಷ್ಟು ತಿರುಗಿಸಿಟ್ಟಿತ್ತು. ದನಿ ಒಡೆಯದ ಮಟ್ಟಕ್ಕೆ ಇಳಿಸಿದೆ. ಅದರಿಂದ ನಿಲ್ಲುವುದು ತಡವಾಯಿತು, ತಪ್ಪಲಿಲ್ಲ.

ಹಂತ 2: ಮೇಲಿಂದ ಊದಿಸುವ ಪ್ರಯತ್ನ, ವಿಫಲ

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದೇ. ಅಟ್ಟಣೆಯ ಹಲಗೆಯಲ್ಲಿ, ಸಬ್ ಪೆಟ್ಟಿಗೆಯ ಪಕ್ಕದಲ್ಲಿ, ಎರಡು 120 ಮಿ.ಮೀ. ಕಂಪ್ಯೂಟರ್ ಫ್ಯಾನ್ ಮಲಗಿಸಿ ಆಂಪ್ ಮೇಲೆ ನೇರವಾಗಿ ಊದಿಸಿದೆ. ಬೆಂಚ್ ಬ್ಯಾಟರಿಯಲ್ಲಿ ಸೊಗಸಾಗಿ ತಿರುಗಿದವು. ಗಾಳಿಯೂ ಜೋರಾಗಿತ್ತು. ಕಾರಿನಲ್ಲಿ ಹಾಕಿ ಓಡಿಸಿದರೆ 83 ಇದ್ದದ್ದು 77 ಆಯಿತು, ಆಮೇಲೆ ನಿಧಾನಕ್ಕೆ ಮತ್ತೆ 83ಕ್ಕೆ ಏರಿ ಆಂಪ್ ನಿಂತಿತು.

ಯಾಕೆ ಅಂತ ತಿಳಿಯಲು ಊದುಬತ್ತಿ ಹಚ್ಚಿ ಅಟ್ಟಣೆಯ ಸುತ್ತ ಹಿಡಿದೆ. ಕೆಳಗಿನ ಸಂದಿಯಿಂದ ಹೊರಬಂದ ಹೊಗೆ ಮೇಲಕ್ಕೆ ತಿರುಗಿ ಅದೇ ಫ್ಯಾನಿನ ಬಾಯಿಗೆ ಹೋಗುತ್ತಿತ್ತು. ಒಂದೇ ಬಿಸಿ ಗಾಳಿ ಸುತ್ತು ಹೊಡೆಯುತ್ತಿತ್ತು. ಎರಡರ ಬದಲು ನಾಲ್ಕು ಫ್ಯಾನ್ ಮೇಲಿಂದ ಊದಿದ್ದರೂ ಅಷ್ಟೇ. ಗಾಳಿ ಒಂದು ಕಡೆ ಒಳಗೆ ಬರಬೇಕು, ಇನ್ನೊಂದು ಕಡೆ ಹೊರಗೆ ಹೋಗಬೇಕು, ಎರಡರ ನಡುವೆ ಆಂಪ್ ಇರಬೇಕು. ಇದು ಸರಿಯಾಗದೆ ವೈರಿಂಗ್‌ಗೆ ಕೈ ಹಾಕುವುದು ದಂಡ.

ಒಂದು ಎಚ್ಚರಿಕೆ: ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕಾರಿನಲ್ಲಿ ಊದುಬತ್ತಿ ಬೇಡವೇ ಬೇಡ. ತೆಳ್ಳನೆ ಪ್ಲಾಸ್ಟಿಕ್ ಕವರ್‌ನ ಒಂದು ಎಳೆ ಕತ್ತರಿಸಿ ಹಿಡಿದರೂ ಗಾಳಿ ಎತ್ತ ಹೋಗುತ್ತದೆ ಅಂತ ಕಾಣುತ್ತದೆ.

ಹಂತ 3: ದಾರಿ ಗೊತ್ತು ಮಾಡಿದ್ದು

ತಂಪು ಗಾಳಿ ಎಲ್ಲಿಂದ ಸಿಗುತ್ತದೆ? ತುದಿಯಲ್ಲಿ ಸೆನ್ಸರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದು, ಎಸಿ ಹಾಕಿ ಅರ್ಧ ಗಂಟೆ ಓಡಿಸಿ ನೋಡಿದೆ. ಹಿಂದಿನ ಸೀಟಿನ ಬೆನ್ನಿನ ಬುಡದಲ್ಲಿ 29 ಡಿಗ್ರಿ. ಹಿಂಬಾಗಿಲಿನ ಗಾಜಿನ ಕೆಳಗೆ 38. ಎರಡರ ನಡುವೆ 9 ಡಿಗ್ರಿ ವ್ಯತ್ಯಾಸ, ಅದೂ ಒಂದೇ ಡಿಕ್ಕಿಯಲ್ಲಿ. ಹಾಗಾಗಿ ಸೀಟಿನ ಕಡೆಯಿಂದ ಎಳೆದು ಹಿಂಬಾಗಿಲ ಕಡೆ ಬಿಡುವುದು ಅಂತ ತೀರ್ಮಾನಿಸಿದೆ.

ಹೊರಬಿಟ್ಟ ಗಾಳಿ ಕಾರಿನಿಂದಲೂ ಆಚೆ ಹೋಗಬೇಕಲ್ವಾ? ಬಹುತೇಕ ಕಾರುಗಳಲ್ಲಿ ಹಿಂದಿನ ಬಂಪರ್‌ನ ಮರೆಯಲ್ಲಿ, ಡಿಕ್ಕಿಯ ಪಕ್ಕದ ಗೋಡೆಯಲ್ಲಿ, ರಬ್ಬರ್ ಪಟ್ಟಿಗಳಿರುವ ಗಾಳಿಗಂಡಿ ಇರುತ್ತದೆ. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೋಗುವುದು ಅಲ್ಲಿಂದಲೇ. ನನ್ನ ಸಬ್ ಪೆಟ್ಟಿಗೆ ಆ ಕಡೆಯ ಟ್ರಿಮ್‌ಗೆ ಒತ್ತಿಕೊಂಡು ಕೂತಿತ್ತು. 40 ಮಿ.ಮೀ. ಈಚೆ ಸರಿಸಿದೆ. ಎಸಿಯನ್ನು ಪೂರ್ತಿ ಒಳಗಿನ ಗಾಳಿಯಲ್ಲೇ ಓಡಿಸಿದರೆ ಈ ಗಂಡಿಯಿಂದ ಗಾಳಿ ಅಷ್ಟಾಗಿ ಹೋಗುವುದಿಲ್ಲ. ಆಗಲೂ ಬಿಸಿ ಗಾಳಿ ಕ್ಯಾಬಿನ್‌ಗೆ ಬೆರೆತು ಎಸಿಯ ಕೈಗೆ ಸಿಗುತ್ತದೆ, ಅಟ್ಟಣೆಯ ಕೆಳಗೆ ಕೊಳೆಯುವುದಿಲ್ಲ.

ಇನ್ನೊಂದು ವಿಷಯ ಫಿನ್‌ಗಳ, ಅಂದರೆ ಹೀಟ್‌ಸಿಂಕ್‌ನ ಸಾಲು ಪಟ್ಟಿಗಳ, ದಿಕ್ಕು. ನಾಲ್ಕು ಚಾನೆಲ್ ಆಂಪ್‌ನ ಫಿನ್‌ಗಳು ಗಾಳಿಗೆ ಅಡ್ಡಲಾಗಿದ್ದವು. ಗಾಳಿ ಫಿನ್‌ಗಳ ಮೇಲೆ ಹಾರಿ ಹೋಗುತ್ತದೆಯೇ ಹೊರತು ನಡುವೆ ನುಗ್ಗುವುದಿಲ್ಲ. ಆಂಪ್ ಬಿಚ್ಚಿ 90 ಡಿಗ್ರಿ ತಿರುಗಿಸಿ ಕೂರಿಸಿದೆ. ಇದಕ್ಕೆ ಪವರ್ ತಂತಿ, ಸ್ಪೀಕರ್ ತಂತಿ ಎಲ್ಲ ಬಿಚ್ಚಿ ಹೊಸ ಉದ್ದಕ್ಕೆ ಕತ್ತರಿಸಬೇಕಾಯಿತು. ಬೇಜಾರಿನ ಕೆಲಸ ನಿಜ, ಆದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಕೆಲವೇ ಕೆಲಸಗಳಲ್ಲಿ ಇದೂ ಒಂದು.

ಹಂತ 4: ಫ್ಯಾನ್ ಆಯ್ಕೆ ಮತ್ತು ಮರಗೆಲಸ

ಅಟ್ಟಣೆಯ ಒಳ ಎತ್ತರ 110 ಮಿ.ಮೀ. ಹಾಗಾಗಿ 80 ಮಿ.ಮೀ. ಚೌಕದ, 25 ಮಿ.ಮೀ. ದಪ್ಪದ ಫ್ಯಾನ್. ಸೀಟಿನ ಕಡೆ ಎರಡು ಒಳಗೆಳೆಯಲು, ಹಿಂಬಾಗಿಲ ಕಡೆ ಎರಡು ಹೊರಗೆಳೆಯಲು. ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದೆ, ಒಂದಕ್ಕೆ 180 ರೂಪಾಯಿ. ಇದಕ್ಕಿಂತ ಅಗ್ಗದ ಫ್ಯಾನ್‌ಗಳೂ ಅಲ್ಲಿದ್ದವು. ಅವು ಸ್ಲೀವ್ ಬೇರಿಂಗ್‌ನವು. ಬಿಸಿಯಲ್ಲಿ ಅವುಗಳ ಎಣ್ಣೆ ಬೇಗ ಒಣಗಿ ಕಿರಗುಟ್ಟಲು ಶುರುವಾಗುತ್ತದೆ. ಬಿಸಿಲಲ್ಲಿ ನಿಲ್ಲುವ ಕಾರಿಗೆ ಬಾಲ್ ಬೇರಿಂಗ್‌ನದ್ದೇ ಇರಲಿ.

ಫ್ಯಾನ್ ಮೇಲೆ 12 ವೋಲ್ಟ್, 0.18 ಆಂಪಿಯರ್ ಅಂತ ಬರೆದಿದೆ. ನಾಲ್ಕಕ್ಕೆ 0.72 ಆಂಪಿಯರ್. ಈ ಸಂಖ್ಯೆ ಮುಂದೆ ಬೇಕಾಗುತ್ತದೆ.

80 ಮಿ.ಮೀ. ಫ್ಯಾನಿನ ಸ್ಕ್ರೂ ರಂಧ್ರಗಳ ಅಂತರ 71.5 ಮಿ.ಮೀ. ಪ್ಲೈವುಡ್‌ಗೆ 76 ಮಿ.ಮೀ. ಹೋಲ್ ಸಾ ಹಾಕಿದರೆ ಸರಿಯಾಗಿ ಕೂರುತ್ತದೆ. ಫ್ಯಾನಿನ ಚೌಕಟ್ಟಿನಲ್ಲಿ ಬಾಣದ ಗುರುತು ಇದ್ದರೆ ಗಾಳಿಯ ದಿಕ್ಕು ಅದೇ. ಇಲ್ಲದಿದ್ದರೆ ಸ್ಟಿಕರ್ ಮತ್ತು ಅಡ್ಡಕಡ್ಡಿ ಇರುವ ಬದಿಯಿಂದ ಗಾಳಿ ಹೊರಬರುತ್ತದೆ ಅಂತ ತಿಳಿಯಿರಿ. ಫ್ಯಾನ್ ಮತ್ತು ಹಲಗೆಯ ನಡುವೆ ತೆಳ್ಳನೆ ಫೋಮ್ ಪಟ್ಟಿ ಹಾಕಿದ್ದೇನೆ, ಹಲಗೆ ಗುಂಯ್‌ಗುಡದಿರಲು. ಒಳಗೆಳೆಯುವ ಫ್ಯಾನ್‌ಗಳಿಗೆ ಬಲೆ ಬೇಕೇಬೇಕು. ನಮ್ಮ ಕಡೆಯ ಕರಿಮಣ್ಣಿನ ದೂಳು ಫಿನ್‌ಗಳ ಮೇಲೆ ಕೂತರೆ ಒಂದು ಪದರ ಕಂಬಳಿ ಹೊದಿಸಿದ ಹಾಗೆ.

ಸ್ಟೆಪ್ನಿ ತೆಗೆಯಬೇಕಾದರೆ ಅಟ್ಟಣೆ ಎತ್ತಲೇಬೇಕು. ಅದಕ್ಕೆ ನಾಲ್ಕು ಫ್ಯಾನಿನ ತಂತಿಗಳೂ ಎರಡು ಪಿನ್ನಿನ ಒಂದೇ ಕನೆಕ್ಟರ್‌ಗೆ ಬರುತ್ತವೆ. ಅದನ್ನು ಬಿಡಿಸಿದರೆ ಅಟ್ಟಣೆ ಕೈಗೆ ಬರುತ್ತದೆ. ಪಂಕ್ಚರ್ ಆದಾಗ ರಸ್ತೆ ಬದಿಯಲ್ಲಿ ತಂತಿ ಕತ್ತರಿಸುವ ಪರಿಸ್ಥಿತಿ ಬರಬಾರದು.

ಹಂತ 5: ವೈರಿಂಗ್

ಇಲ್ಲಿ ನಿಧಾನವಾಗಿ ಓದಿ. ಜಾಸ್ತಿ ಹಾನಿಯಾಗುವುದು ಇಲ್ಲೇ.

ಸ್ಟೀರಿಯೊದಿಂದ ಆಂಪ್‌ಗೆ ಬರುವ ನೀಲಿ-ಬಿಳಿ ಪಟ್ಟೆಯ ರಿಮೋಟ್ ತಂತಿಗೆ ಫ್ಯಾನಿನ ಕೆಂಪು ತಂತಿಯನ್ನು ನೇರವಾಗಿ ಜೋಡಿಸುವವರು ಬಹಳ. ಫ್ಯಾನ್ ತಿರುಗುತ್ತದೆ, ಸರಿ. ಆದರೆ ಆ ತಂತಿ ಇರುವುದು ಆಂಪ್‌ಗೆ 'ಏಳು' ಅಂತ ಹೇಳುವುದಕ್ಕೆ, ಹೊರೆ ಹೊರುವುದಕ್ಕಲ್ಲ. ಸಾಮಾನ್ಯವಾಗಿ ಸ್ಟೀರಿಯೊಗಳ ರಿಮೋಟ್ ತಾಳುವುದು 0.3ರಿಂದ 0.5 ಆಂಪಿಯರ್. ನನ್ನ ನಾಲ್ಕು ಫ್ಯಾನಿಗೆ 0.72 ಬೇಕು, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಪರಿಚಯದವರೊಬ್ಬರ ಕಾರಿನಲ್ಲಿ ಹೀಗೆ ಜೋಡಿಸಿ ರಿಮೋಟ್ ಔಟ್‌ಪುಟ್ ಸುಟ್ಟುಹೋಯಿತು. ಸ್ಟೀರಿಯೊ ಹಾಡುತ್ತದೆ, ಆಂಪ್ ಏಳುವುದೇ ಇಲ್ಲ. ರಿಲೇಯ ಹಣ ಉಳಿಸಲು ಹೋಗಿ ಸ್ಟೀರಿಯೊ ಬಿಚ್ಚಿಸಬೇಕಾಯಿತು. ಆದ್ದರಿಂದ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಹಾಕಿ ಆರಿಸುವ ಸ್ವಿಚ್) ಹಾಕಲೇಬೇಕು.

ಸಾಮಾನ್ಯ 12 ವೋಲ್ಟ್ ಕಾರ್ ರಿಲೇ, ಸಾಕೆಟ್ ಸಮೇತ 140 ರೂಪಾಯಿ. ಅದರ ಪಿನ್‌ಗಳ ಸಂಖ್ಯೆಯ ಪ್ರಕಾರ ನಾನು ಜೋಡಿಸಿದ್ದು ಹೀಗೆ:

86: ಆಂಪ್ ಬಳಿ ಬರುವ ರಿಮೋಟ್ ತಂತಿಯಿಂದ ಒಂದು ಕವಲು.
85: ಥರ್ಮಲ್ ಸ್ವಿಚ್ (ಬಿಸಿಯಾದಾಗ ಕೂಡುವ ಸ್ವಿಚ್, ಹಂತ 8 ನೋಡಿ) ಮೂಲಕ ಕಾರಿನ ಬಾಡಿಗೆ. ಸ್ವಿಚ್ ಬೇಡ ಅನ್ನುವವರು ನೇರ ಬಾಡಿಗೆ ಕೊಡಬಹುದು.
30: ಡಿಕ್ಕಿಯ ಡಿಸ್ಟ್ರಿಬ್ಯೂಷನ್ ಬ್ಲಾಕ್‌ನಿಂದ (ಬ್ಯಾಟರಿಯ ದಪ್ಪ ತಂತಿ ಕವಲಾಗುವ ಜಾಗ) 3 ಆಂಪಿಯರ್ ಫ್ಯೂಸ್ ಮೂಲಕ. ಫ್ಯೂಸ್ ಬ್ಲಾಕ್‌ಗೆ ಒಂದು ಗೇಣಿನ ಒಳಗೇ ಇದೆ.
87: ಫ್ಯಾನ್‌ಗಳ ಕೆಂಪು ತಂತಿಗಳಿಗೆ.
87ಎ: ಖಾಲಿ. ತಂತಿ ಇದ್ದರೆ ತುದಿಗೆ ಹೀಟ್‌ಶ್ರಿಂಕ್ (ಕಾಯಿಸಿದರೆ ಬಿಗಿಯಾಗುವ ಕೊಳವೆ) ಹಾಕಿ ಮುಚ್ಚಿ. ರಿಲೇ ಎಳೆಯದಿದ್ದಾಗ ಇಲ್ಲೇ ಕರೆಂಟ್ ಇರುತ್ತದೆ.

ಬ್ಯಾಟರಿ ಪಕ್ಕದಲ್ಲಿ 60 ಆಂಪಿಯರ್ ಮೇನ್ ಫ್ಯೂಸ್ ಇದೆಯಲ್ಲ, ಇನ್ನೊಂದು ಯಾಕೆ ಅಂತ ಕೇಳಬಹುದು. ಫ್ಯಾನಿನ ಕೂದಲೆಳೆಯಂಥ ತಂತಿ 60 ಆಂಪಿಯರ್ ಹೋಗುವ ಮೊದಲೇ ಕೆಂಪಗೆ ಕಾದು ಕಾರ್ಪೆಟ್‌ಗೆ ಬೆಂಕಿ ಹಚ್ಚುತ್ತದೆ. ಮೇನ್ ಫ್ಯೂಸ್‌ಗೆ ಅದರ ಸುಳಿವೂ ಸಿಗುವುದಿಲ್ಲ. 3 ಆಂಪಿಯರ್ ಫ್ಯೂಸ್ ಕಾಯುವುದು ಈ ಸಣ್ಣ ತಂತಿಯನ್ನು.

ರಿಲೇ ಕಾಯಿಲ್ (85 ಮತ್ತು 86ರ ನಡುವಿನ ತಂತಿ ಸುರುಳಿ) ಎಳೆಯುವುದು ಸುಮಾರು 0.15 ಆಂಪಿಯರ್. ರಿಮೋಟ್ ತಂತಿ ಇದನ್ನು ಆರಾಮಾಗಿ ತಾಳುತ್ತದೆ. ಕಾಯಿಲ್ ಬಂದ್ ಆಗುವಾಗ ಏಳುವ ವೋಲ್ಟೇಜ್ ಹೊಡೆತ ಸ್ಟೀರಿಯೊಗೆ ತಾಗದಿರಲು, ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕಿದ್ದೇನೆ. ಬಿಳಿ ಪಟ್ಟೆ ಇರುವ ತುದಿ 86ರ ಕಡೆಗೆ, ಅಂದರೆ ರಿಮೋಟ್ ಕಡೆಗೆ. ತಿರುಗಿಸಿ ಹಾಕಿದರೆ ರಿಮೋಟ್ ತಂತಿ ಡಯೋಡ್ ಮೂಲಕ ಬಾಡಿಗೆ ಶಾರ್ಟ್ ಆಗುತ್ತದೆ, ಕಾಪಾಡಲು ಹೊರಟ ಸ್ಟೀರಿಯೊವೇ ಹೋಗುತ್ತದೆ. ಬೆಸುಗೆ ಹಾಕಿದ ಮೇಲೆ ಮಲ್ಟಿಮೀಟರ್‌ನಲ್ಲಿ ಒಮ್ಮೆ ಪರೀಕ್ಷಿಸಿಯೇ ರಿಮೋಟ್ ಜೋಡಿಸಿ. ಕೆಲವು ರಿಲೇಗಳ ಒಳಗೇ ಡಯೋಡ್ ಇರುತ್ತದೆ. ಅಂಥವುಗಳಲ್ಲಿ 86 ಪ್ಲಸ್, 85 ಮೈನಸ್, ಅದಲುಬದಲು ಮಾಡುವಂತಿಲ್ಲ.

ಫ್ಯಾನ್‌ಗಳು ನಾಲ್ಕೂ ಪ್ಯಾರಲಲ್. ಮೂರು ತಂತಿಯ ಫ್ಯಾನ್‌ನಲ್ಲಿ ಕೆಂಪು, ಕಪ್ಪು ಸಾಕು. ಹಳದಿ ತಂತಿ ವೇಗ ಹೇಳುವುದಕ್ಕೆ, ಅದನ್ನು ಕತ್ತರಿಸಿ ಮುಚ್ಚಿದೆ. ರಿಲೇಯಿಂದ ಕನೆಕ್ಟರ್‌ವರೆಗೆ 1 ಚದರ ಮಿ.ಮೀ. ತಂತಿ. ಕಪ್ಪು ತಂತಿಗಳಿಗೆ ಆಂಪ್‌ನ ಅರ್ತ್ ಬೋಲ್ಟ್ ಬಳಸಲಿಲ್ಲ. ಒಂದು ಅಡಿ ದೂರದಲ್ಲಿ ಬೇರೆ ಜಾಗ ಆರಿಸಿ, ಬಣ್ಣ ಉಜ್ಜಿ ಬರಿ ತಗಡು ಕಾಣಿಸಿ, ರಿಂಗ್ ಟರ್ಮಿನಲ್ ಬಿಗಿದು, ಮೇಲೆ ತುಕ್ಕು ತಡೆಯುವ ಪೇಂಟ್ ಬಳಿದೆ. ಸೀಟ್ ಬೆಲ್ಟ್ ಬೋಲ್ಟ್‌ಗೆ ಮಾತ್ರ ಕೈ ಹಾಕಬೇಡಿ.

ಅಳತೆ: ಎಂಜಿನ್ ಬಂದ್ ಇದ್ದಾಗ ನಾಲ್ಕೂ ಫ್ಯಾನ್ ಸೇರಿ 0.66 ಆಂಪಿಯರ್. ಎಂಜಿನ್ ಓಡುವಾಗ ಟರ್ಮಿನಲ್‌ನಲ್ಲಿ 14.2 ವೋಲ್ಟ್, ಆಗ 0.75.

ಹಂತ 6: ಸದ್ದು ಇಳಿಸುವುದು

14.2 ವೋಲ್ಟ್‌ನಲ್ಲಿ ಫ್ಯಾನ್‌ಗಳು ಬರೆದದ್ದಕ್ಕಿಂತ ಜೋರಾಗಿ ತಿರುಗುತ್ತವೆ. ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನ ಸೀಟಿಗೆ ಸರಿಯಾಗಿಯೇ ಕೇಳಿಸುತ್ತಿತ್ತು.

ಎರಡೆರಡು ಫ್ಯಾನ್ ಸೀರೀಸ್ ಮಾಡಿದರೆ ತಲಾ 7 ವೋಲ್ಟ್ ಸಿಕ್ಕಿ ಮೆತ್ತಗಾಗುತ್ತವೆ ಅಂತ ಹಲವರು ಹೇಳುತ್ತಾರೆ. ಮಾಡಿ ನೋಡಿದೆ. ಒಂದು ತಿರುಗಿತು, ಇನ್ನೊಂದು ನಡುಗುತ್ತಾ ನಿಂತಿತ್ತು. ಬೆರಳಿನಿಂದ ತಳ್ಳಿದರೆ ಅದು ಶುರು, ಮೊದಲನೆಯದು ನಿಧಾನ. ಈ ಫ್ಯಾನ್‌ಗಳ ಒಳಗೆ ಸರ್ಕ್ಯೂಟ್ ಇದೆ, ಬಲ್ಬಿನ ಹಾಗೆ ವೋಲ್ಟೇಜನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಬಿಟ್ಟುಬಿಟ್ಟೆ.

ಆಮೇಲೆ 7812 ರೆಗ್ಯುಲೇಟರ್, ಅಂದರೆ ವೋಲ್ಟೇಜನ್ನು 12ರಲ್ಲಿ ಹಿಡಿದಿಡುವ ಭಾಗ. ಎಂಜಿನ್ ಓಡುವಾಗ ಸರಿ, ಬಂದ್ ಆದಾಗ ಅದಕ್ಕೆ ಬೇಕಾದ 2 ವೋಲ್ಟ್ ಹೆಚ್ಚುವರಿ ಇರುವುದಿಲ್ಲ. ಅದೂ ಬಿಸಿಯಾಗುತ್ತದೆ, ಅದಕ್ಕೂ ಹೀಟ್‌ಸಿಂಕ್ ಬೇಕು. ಬಿಸಿ ಕಡಿಮೆ ಮಾಡುವ ಕೆಲಸದಲ್ಲಿ ಬಿಸಿಯಾಗುವ ಇನ್ನೊಂದು ಭಾಗ ಸೇರಿಸುವುದು ನನಗೆ ಹಿಡಿಸಲಿಲ್ಲ.

ಕೊನೆಗೆ ಉಳಿದದ್ದು ಸರಳ ಉಪಾಯ. 87ರಿಂದ ಹೊರಟ ತಂತಿಯಲ್ಲಿ ಎರಡು 1ಎನ್5408 ಡಯೋಡ್ ಒಂದರ ಹಿಂದೆ ಒಂದು. ತಲಾ ಸುಮಾರು 0.7 ವೋಲ್ಟ್ ಇಳಿಯುತ್ತದೆ. ಫ್ಯಾನ್‌ಗೆ 12.8 ವೋಲ್ಟ್ ಮುಟ್ಟುತ್ತದೆ. ಸದ್ದು ಪೂರ್ತಿ ಹೋಗಲಿಲ್ಲ, ಹಾಡು ಇಲ್ಲದಾಗ ಮಾತ್ರ ಗೊತ್ತಾಗುವಷ್ಟಕ್ಕೆ ಬಂತು. ನನಗೆ ಸಾಕು.

ಹಂತ 7: ಸ್ಪೀಕರ್‌ನಲ್ಲಿ ಕುಂಯ್ ಅನ್ನುವ ಸದ್ದು

ಫ್ಯಾನ್ ಶುರುವಾದ ಕೂಡಲೇ ಬಾಗಿಲಿನ ಟ್ವೀಟರ್‌ಗಳಲ್ಲಿ (ಕೀಚಲು ದನಿಯ ಸಣ್ಣ ಸ್ಪೀಕರ್‌ಗಳು) ಸಣ್ಣ ಕುಂಯ್. ಆಕ್ಸಿಲರೇಟರ್ ಒತ್ತಿದರೆ ಏರಿಳಿಯುವುದು ಆಲ್ಟರ್ನೇಟರ್ ಸದ್ದು. ಇದು ಏರಿಳಿಯಲಿಲ್ಲ, ಎಂಜಿನ್ ಬಂದ್ ಮಾಡಿದರೂ ಇತ್ತು. ಫ್ಯಾನ್ ಕನೆಕ್ಟರ್ ಕಿತ್ತ ಕೂಡಲೇ ಹೋಯಿತು. ಅಲ್ಲಿಗೆ ಮೂಲ ಸಿಕ್ಕಿತು.

ಫ್ಯಾನಿನ ತಂತಿಗಳು ಆರ್‌ಸಿಎ ಕೇಬಲ್‌ಗೆ (ಸ್ಟೀರಿಯೊದಿಂದ ಆಂಪ್‌ಗೆ ಹಾಡು ತರುವ ಕೇಬಲ್) ಅಂಟಿಕೊಂಡೇ ಒಂದೂವರೆ ಅಡಿ ಹೋಗಿದ್ದವು. ಅವನ್ನು ಡಿಕ್ಕಿಯ ಎಡಗಡೆಗೆ ಸರಿಸಿದೆ, ಕೆಂಪು-ಕಪ್ಪು ಜೋಡಿಯನ್ನು ಹುರಿ ಹೊಸೆದೆ. ಮುಕ್ಕಾಲು ಪಾಲು ಹೋಯಿತು. ಕನೆಕ್ಟರ್‌ನ ಫ್ಯಾನ್ ಬದಿಯಲ್ಲಿ 1000 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್ ಅಡ್ಡಲಾಗಿ ಬೆಸೆದೆ. ಉಳಿದದ್ದೂ ಹೋಯಿತು. ಕೆಪಾಸಿಟರ್ 105 ಡಿಗ್ರಿ ಅಂತ ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ. ಮೈನಸ್ ಪಟ್ಟೆ ಕಪ್ಪು ತಂತಿಗೆ.

ಹಂತ 8: ಥರ್ಮಲ್ ಸ್ವಿಚ್

ಸುಮ್ನೆ ರೇಡಿಯೊ ಕೇಳುವಾಗ, ಡಿಸೆಂಬರ್ ಬೆಳಗ್ಗೆ, ನಾಲ್ಕು ಫ್ಯಾನ್ ತಿರುಗಿ ದೂಳು ಎಳೆಯುವುದು ಬೇಕಿಲ್ಲ. ಅದಕ್ಕೆ ಕೆಎಸ್‌ಡಿ9700 ಮಾದರಿಯ 45 ಡಿಗ್ರಿ ಸ್ವಿಚ್. ಕೊಳ್ಳುವಾಗ ನಾರ್ಮಲಿ ಓಪನ್ ಅಂತ ಒತ್ತಿ ಹೇಳಬೇಕು, ಅಂದರೆ ಬಿಸಿಯಾದಾಗ ಕೂಡುವುದು. ನಾರ್ಮಲಿ ಕ್ಲೋಸ್ಡ್ ನೋಡಲು ಹಾಗೇ ಇರುತ್ತದೆ, ಕೆಲಸ ಉಲ್ಟಾ: ಬಿಸಿಯಾದಾಗ ಫ್ಯಾನ್ ನಿಲ್ಲುತ್ತದೆ. ಹಾಕುವ ಮುಂಚೆ ಬಿಸಿ ನೀರಿನ ಲೋಟದ ಹೊರಮೈಗೆ ಒತ್ತಿಹಿಡಿದು ಮಲ್ಟಿಮೀಟರ್‌ನಲ್ಲಿ ನೋಡಿದರೆ ತಿಳಿಯುತ್ತದೆ.

ಸ್ವಿಚ್ಚನ್ನು 85ರ ತಂತಿಯಲ್ಲಿ ಹಾಕಿರುವುದರಿಂದ ಅದರ ಮೂಲಕ ಹೋಗುವುದು ಕಾಯಿಲ್‌ನ 0.15 ಆಂಪಿಯರ್ ಮಾತ್ರ. ಹೀಟ್‌ಸಿಂಕ್‌ಗೆ ಡ್ರಿಲ್ ಮಾಡಲಿಲ್ಲ, ಹಿಂದೆ ಟ್ರಾನ್ಸಿಸ್ಟರ್‌ಗಳಿರುತ್ತವೆ. ಎರಡು ಫಿನ್‌ಗಳ ನಡುವೆ ಥರ್ಮಲ್ ಅಂಟು ಹಚ್ಚಿ ಕೂರಿಸಿದೆ. ಮೊದಲು ಬರಿ ಟೇಪ್‌ನಲ್ಲಿ ಅಂಟಿಸಿದ್ದು ಬಿಸಿಗೆ ಬಿಟ್ಟುಕೊಂಡು ಬಂತು, ಸ್ವಿಚ್ ಗಾಳಿಯಲ್ಲಿ ನೇತಾಡಿ ಫ್ಯಾನ್ ಶುರುವಾಗಲೇ ಇಲ್ಲ. ಇಲ್ಲಿ ಟೇಪ್ ನೆಚ್ಚಿಕೊಳ್ಳಬೇಡಿ.

ಈ ಸ್ವಿಚ್ 45ರಲ್ಲಿ ಕೂಡಿ 45ರಲ್ಲೇ ಬಿಡುವುದಿಲ್ಲ. ನನ್ನದು ಸುಮಾರು 33ಕ್ಕೆ ಇಳಿದ ಮೇಲೆ ಬಿಡುತ್ತದೆ. ಬೇಸಿಗೆಯಲ್ಲಿ ಹೀಟ್‌ಸಿಂಕ್ 33ಕ್ಕೆ ಇಳಿಯುವುದೇ ಇಲ್ಲ, ಹಾಗಾಗಿ ಫ್ಯಾನ್ ಒಮ್ಮೆ ಶುರುವಾದರೆ ಸ್ಟೀರಿಯೊ ಬಂದ್ ಮಾಡುವವರೆಗೂ ಓಡುತ್ತದೆ. ತೊಂದರೆ ಇಲ್ಲ. ಸ್ಟೀರಿಯೊ ಬಂದ್ ಆದರೆ ರಿಮೋಟ್ ಹೋಗಿ ಫ್ಯಾನೂ ನಿಲ್ಲುತ್ತದೆ, ಬ್ಯಾಟರಿ ಖಾಲಿಯಾಗುವ ಭಯ ಇಲ್ಲ.

ಹಂತ 9: ಫಲಿತಾಂಶ, ಖರ್ಚು

ಅದೇ ಹುಮ್ನಾಬಾದ್ ರಸ್ತೆ, ಹೊರಗೆ 41 ಡಿಗ್ರಿ, ಅದೇ ವಾಲ್ಯೂಮ್. ನಾಲ್ಕು ಚಾನೆಲ್ ಆಂಪ್‌ನ ಬಿಸಿ 56 ಡಿಗ್ರಿಗೆ ಬಂದು ನಿಂತಿತು, ಮೇಲೆ ಏರಲಿಲ್ಲ. ಮೊನೊ ಆಂಪ್ 44. ಬಿಸಿಲಲ್ಲಿ ನಿಲ್ಲಿಸಿದ ಕಾರು ಹತ್ತಿ ಕೂಡಲೇ ಜೋರಾಗಿ ಹಾಕಿದರೆ ಮೊದಲ ಹತ್ತು ನಿಮಿಷ 63ರವರೆಗೆ ಹೋಗುತ್ತದೆ, ಎಸಿ ಹಿಡಿದ ಮೇಲೆ ಇಳಿಯುತ್ತದೆ. ಕೆಂಪು ದೀಪ ಮತ್ತೆ ಕಾಣಲಿಲ್ಲ.

ನಾಲ್ಕು ಫ್ಯಾನ್ 720, ರಿಲೇ ಮತ್ತು ಸಾಕೆಟ್ 140, ಫ್ಯೂಸ್ ಹೋಲ್ಡರ್ 40, ತಂತಿ 150, ಥರ್ಮಲ್ ಸ್ವಿಚ್ 60, ಡಯೋಡ್ ಮತ್ತು ಕೆಪಾಸಿಟರ್ 45, ಫ್ಯಾನ್ ಗ್ರಿಲ್ 120, ದೂಳಿನ ಬಲೆ 80, ಕನೆಕ್ಟರ್, ಹೀಟ್‌ಶ್ರಿಂಕ್, ಕ್ಲಿಪ್ ಎಲ್ಲ ಸೇರಿ 110. ಒಟ್ಟು 1,465 ರೂಪಾಯಿ. ಮೊದಲಿನ 120 ಮಿ.ಮೀ. ಫ್ಯಾನ್‌ಗಳು ಇದರಲ್ಲಿ ಸೇರಿಲ್ಲ, ಅವು ಈಗ ಮನೆಯ ಇನ್ವರ್ಟರ್ ಪಕ್ಕದಲ್ಲಿವೆ.

ಬಾಕಿ ಇರುವುದು ಎರಡು. ದೂಳಿನ ಬಲೆ ತೆಗೆಯಲು ಈಗ ಎಂಟು ಸ್ಕ್ರೂ ಬಿಚ್ಚಬೇಕು, ಅದನ್ನು ಮ್ಯಾಗ್ನೆಟ್‌ಗೆ ಬದಲಿಸಬೇಕು. ಮಳೆಗಾಲಕ್ಕೆ ಮುಂಚೆ ರಿಲೇಯನ್ನು ಡಿಕ್ಕಿಯ ತಳದಿಂದ ಎತ್ತಿ, ಪಿನ್‌ಗಳು ಕೆಳಮುಖವಾಗಿರುವಂತೆ ಪಕ್ಕದ ಗೋಡೆಗೆ ಕೂರಿಸಬೇಕು. ಹಿಂಬಾಗಿಲ ರಬ್ಬರ್ ಹತ್ತಿರ ಸ್ವಲ್ಪ ನೀರು ಜಿನುಗಿದ ಗುರುತು ಕಂಡಿದೆ.